ಗುರುವಿನ ತಲೆಗೆ ಕಟ್ಟಬೇಡಿ

"ಹುಡುಗಿಗೆ ಗುರುಬಲ ಬಂದಿದೆ ಟೀಚರ್, ಇನ್ನು ಓದು ಸಾಕು" ಎನ್ನುವ ತಾಯಂದಿರನ್ನು ನಾನು ಬಹಳ ಕಂಡಿದ್ದೇನೆ. ಆ ಗುರುವಿನ ಒಡಲಿಗೇ ಇಳಿದು ನೋಡಿದ ಯಂತ್ರವೊಂದರ ಕತೆಯನ್ನು ಅವರಿಗೆ ಹೇಳಬೇಕೆನಿಸುತ್ತದೆ.

1989ರಲ್ಲಿ ಅಮೆರಿಕದವರು ಕಳಿಸಿದ ಗೆಲಿಲಿಯೋ ನೌಕೆ ಆರು ವರ್ಷ ಪಯಣಿಸಿತು. ಅದು ಹೊತ್ತೊಯ್ದ ಶೋಧಕ 1995ರ ಡಿಸೆಂಬರ್ 7ರಂದು ಸೆಕೆಂಡಿಗೆ 47 ಕಿಲೋಮೀಟರ್ ವೇಗದಲ್ಲಿ ಗುರುಗ್ರಹದ ವಾತಾವರಣಕ್ಕೆ ನುಗ್ಗಿತು. ಪ್ಯಾರಾಚೂಟು ಬಿಚ್ಚಿಕೊಂಡು ಇಳಿಯುತ್ತ, ಸುಮಾರು ಒಂದು ಗಂಟೆ ಸುದ್ದಿ ಕಳಿಸಿ, ಶಾಖಕ್ಕೆ ಸೋತು ಮೌನವಾಯಿತು. ಕಂಡದ್ದೇನು? ಜಲಜನಕ, ಹೀಲಿಯಂ, ಗಂಟೆಗೆ 600 ಕಿಲೋಮೀಟರಿಗೂ ಮಿಕ್ಕಿ ಬೀಸುವ ಗಾಳಿ. ಕಾಲೂರಲು ಅಲ್ಲಿ ನೆಲವೇ ಇಲ್ಲ.

ಎಣಿಸಿದಷ್ಟು ನೀರು ಮಾತ್ರ ಸಿಗಲಿಲ್ಲ. ವಿಜ್ಞಾನಿಗಳು ಅದನ್ನು ಮುಚ್ಚಿಡಲಿಲ್ಲ. ಶೋಧಕ ಬಿದ್ದದ್ದು ಮೋಡ ವಿರಳವಾದ ಒಣ ಜಾಗದಲ್ಲಿ, ಅಷ್ಟರಿಂದ ಇಡೀ ಗ್ರಹವನ್ನು ಅಳೆಯಬಾರದು ಎಂದರು. 2016ರಲ್ಲಿ ಗುರುವನ್ನು ತಲುಪಿದ ಜೂನೋ ನೌಕೆ ಮತ್ತೆ ಅಳೆಯಿತು. ಸಮಭಾಜಕದ ಬಳಿ ಶೇಕಡಾ 0.25ರಷ್ಟು ಅಣುಗಳು ನೀರಿನವೆಂದು 2020ರಲ್ಲಿ ತಿಳಿಯಿತು.

ಜಾತಕ ನೋಡುವವರು ಎಂದಾದರೂ "ನಾನು ನೋಡಿದ್ದು ಸಾಲದು, ಮತ್ತೆ ನೋಡುತ್ತೇನೆ" ಎಂದಿದ್ದಾರೆಯೇ? ಅಷ್ಟು ದೂರದ ಗಾಳಿಮೋಡಕ್ಕೆ ನಮ್ಮ ಹುಡುಗಿಯ ಕಾಲೇಜಿನ ಗೊಡವೆಯೇಕೆ? ಗುರುವಾರದ ಪೂಜೆಗೆ ನನ್ನ ತಕರಾರಿಲ್ಲ. ಮಗಳ ಪುಸ್ತಕ ಮುಚ್ಚಿಸುವ ಪಾಪವನ್ನು ಮಾತ್ರ ಆ ಗುರುವಿನ ತಲೆಗೆ ಕಟ್ಟಬೇಡಿ, ತಾಯಿ. ಅದು ನಾವೇ ಮಾಡುವ ಕೆಲಸ.