ಬಾರದೆ ಹೋದ ಪ್ರವಾಹ

ಮಕ್ಕಳು ತಪ್ಪು ಮಾಡುವುದು ಹೊಸ ಸಂಗತಿಯಲ್ಲ. ತಪ್ಪು ಮಾಡಿದ ಮಕ್ಕಳನ್ನು ಹಿರಿಯರು ಹೇಗೆ ಕಾಣಬೇಕೆಂಬ ಪ್ರಶ್ನೆಯೂ ಹೊಸದಲ್ಲ. ಅಮೆರಿಕದ ಮೊತ್ತಮೊದಲ ಬಾಲನ್ಯಾಯಾಲಯವು 1899ರಲ್ಲಿ ಷಿಕಾಗೋ ನಗರದಲ್ಲಿ ಸ್ಥಾಪಿತವಾದಾಗ, ನ್ಯಾಯಾಧೀಶನು ದಂಡಿಸುವ ಅಧಿಕಾರಿಯಾಗದೆ ತಿದ್ದುವ ತಂದೆಯಂತಿರಬೇಕೆಂಬುದೇ ಅದರ ಧ್ಯೇಯವಾಗಿತ್ತು. ಒಂದು ಶತಮಾನ ತುಂಬುವ ಮೊದಲೇ ಆ ಧ್ಯೇಯವು ಭಯದ ಮುಂದೆ ತಲೆಬಾಗಿತು.

1980ರ ದಶಕದ ಕೊನೆಯಿಂದ ಅಲ್ಲಿ ಎಳೆಯರ ಕೈಗೆ ಪಿಸ್ತೂಲು ಬಂದಿತು, ಕೊಲೆಗಳು ಹೆಚ್ಚಿದವು. ಕರುಣೆಯನ್ನೇ ಅರಿಯದ ಕ್ರೂರ ಬಾಲಕರ ಪ್ರವಾಹವೊಂದು ಬರಲಿದೆಯೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಜಾನ್ ಡಿಯೂಲಿಯೊ 1995ರಲ್ಲಿ ಭವಿಷ್ಯ ನುಡಿದರು. ಪತ್ರಿಕೆಗಳು ಆ ಮಾತನ್ನು ಮನೆಮನೆಗೂ ಮುಟ್ಟಿಸಿದವು. ಆ ದಶಕದಲ್ಲಿ ಬಹುಪಾಲು ರಾಜ್ಯಗಳು, ಹದಿಹರೆಯದವರನ್ನು ವಯಸ್ಕರಂತೆಯೇ ವಿಚಾರಿಸಿ ಶಿಕ್ಷಿಸಲು ಅನುಕೂಲವಾಗುವ ಕಾನೂನುಗಳನ್ನು ಮಾಡಿದವು.

ಆದರೆ ಪ್ರವಾಹ ಬರಲಿಲ್ಲ. ಕೊಲೆಯ ಆರೋಪದ ಮೇಲೆ ಬಂಧಿತರಾಗುವ ಬಾಲಕರ ಸಂಖ್ಯೆ 1993ರಲ್ಲಿಯೇ ತುದಿ ಮುಟ್ಟಿ ಇಳಿಯತೊಡಗಿತ್ತು. ಎಲ್ಲ ಬಗೆಯ ಅಪರಾಧಗಳೂ ಸೇರಿ 1996ರಲ್ಲಿ ಎಳೆಯರ ಬಂಧನಗಳು ಸುಮಾರು 27 ಲಕ್ಷ. 2019ರಲ್ಲಿ, ಮಹಾಮಾರಿಗೆ ಮುನ್ನವೇ, ಸುಮಾರು 7 ಲಕ್ಷ. ಯಾವುದಾದರೊಂದು ದಿನ ಸೆರೆವಾಸದಲ್ಲಿದ್ದ ಮಕ್ಕಳನ್ನು ಎಣಿಸಿದರೆ 2000ದಲ್ಲಿ 1 ಲಕ್ಷ 8 ಸಾವಿರ. 2019ರಲ್ಲಿ ಸುಮಾರು 36 ಸಾವಿರ. ಅಪರಾಧ ಇಳಿಯತೊಡಗಿದ ಮೇಲೂ ಕೆಲವು ವರ್ಷ ಸೆರೆಮನೆಗಳು ತುಂಬುತ್ತಲೇ ಇದ್ದವೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಬಾಗಿಲು ತೆರೆದರೆ ಊರು ಹಾಳಾದೀತೆಂಬ ಅಂಜಿಕೆಯೂ ಹುಸಿಯಾಯಿತು. ಮಿಸೌರಿ ರಾಜ್ಯವು ಬೂನ್‌ವಿಲ್‌ನಲ್ಲಿದ್ದ ತನ್ನ ದೊಡ್ಡ ಬಾಲಬಂಧನಶಾಲೆಯನ್ನು 1983ರಲ್ಲಿಯೇ ಮುಚ್ಚಿ, ಮಕ್ಕಳನ್ನು ಅವರವರ ಊರಿಗೆ ಹತ್ತಿರದ ಚಿಕ್ಕ ನಿಲಯಗಳಲ್ಲಿರಿಸಿತು. 1996ರಲ್ಲಿ ಸುಮಾರು 10 ಸಾವಿರ ಎಳೆಯರನ್ನಿರಿಸಿಕೊಂಡಿದ್ದ ಕ್ಯಾಲಿಫೋರ್ನಿಯ ರಾಜ್ಯದ ಬಾಲಬಂಧನ ಇಲಾಖೆಯು 2023ರ ಜೂನ್ 30ರಂದು ಮುಚ್ಚಿತು. ಅದರ ಹೊಣೆ ಜಿಲ್ಲಾಡಳಿತಗಳಿಗೆ ಬಂದಿತು. ಈ ಇಳಿಕೆಗೆ ಕಾರಣ ಒಂದೇ ಅಲ್ಲ, ದಿಟ. ಆದರೆ ಸೆರೆ ತೆರವಾದಂತೆ ಬೀದಿ ಕೆಡಲಿಲ್ಲವೆಂಬುದಂತೂ ನಿಶ್ಚಯ.

ಲಾಭ ಎಲ್ಲರಿಗೂ ಸಮನಾಗಿ ಸಲ್ಲಲಿಲ್ಲ. 2021ರಲ್ಲಿಯೂ ಕರಿಯರ ಮಕ್ಕಳು ಬಿಳಿಯರ ಮಕ್ಕಳಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಸೆರೆಗೆ ಗುರಿಯಾಗುತ್ತಿದ್ದರು.

ತಮ್ಮ ಭವಿಷ್ಯ ಸುಳ್ಳಾಯಿತೆಂದು ಡಿಯೂಲಿಯೊ ಅವರೇ ಒಪ್ಪಿದರು. 2012ರಲ್ಲಿ ಸುಪ್ರೀಂ ಕೋರ್ಟಿಗೆ ಹಾಗೆಂದು ಅರಿಕೆ ಮಾಡಿದ ವಿದ್ವಾಂಸರಲ್ಲಿ ಅವರೂ ಒಬ್ಬರು. ಇದು ದೊಡ್ಡತನವೇ ಸರಿ. ಆದರೆ ವಿದ್ವಾಂಸನು ತನ್ನ ಲೆಕ್ಕವನ್ನು ಎಂದಾದರೂ ತಿದ್ದಿಕೊಳ್ಳಬಹುದು. ಸೆರೆಯಲ್ಲಿ ಕಳೆದುಹೋದ ಹದಿನಾರನೆಯ ವಯಸ್ಸನ್ನು ಯಾವ ನ್ಯಾಯಾಲಯವೂ ಹಿಂದಿರುಗಿಸಲಾರದು.