ಕೂಲಿಯಿಲ್ಲದ ನೂರಿಪ್ಪತ್ತು ಗಂಟೆ

ಆಸ್ಟ್ರೇಲಿಯದ ಕೇಂದ್ರಸರ್ಕಾರವು 2025ರ ಜುಲೈ 1ರಿಂದ ವಿದ್ಯಾರ್ಥಿಗಳಿಗಾಗಿ ಒಂದು ಹೊಸ ಭತ್ಯೆಯನ್ನು ಜಾರಿಗೆ ತಂದಿದೆ. ಶಿಕ್ಷಕವೃತ್ತಿ, ಶುಶ್ರೂಷೆ, ಪ್ರಸೂತಿವಿದ್ಯೆ, ಸಮಾಜಕಾರ್ಯ ಎಂಬ ನಾಲ್ಕನ್ನು ಅಭ್ಯಾಸಮಾಡುವವರು ವ್ಯಾಸಂಗದ ನಿಬಂಧನೆಯಂತೆ ಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ವಾರಗಟ್ಟಲೆ ಕೂಲಿಯಿಲ್ಲದೆ ದುಡಿಯಬೇಕಾಗಿರುವುದರಿಂದ, ಆ ಅವಧಿಯಲ್ಲಿ ಅವರು ಮನೆಬಾಡಿಗೆಗೂ ಊಟಕ್ಕೂ ತತ್ತರಿಸದಿರಲೆಂದು, ವಾರಕ್ಕೆ ಮುನ್ನೂರು ಡಾಲರಿಗೆ ಮೇಲ್ಪಟ್ಟ ಮೊತ್ತವನ್ನು, ಆದಾಯದ ಪರೀಕ್ಷೆಗೆ ಒಳಪಡಿಸಿ, ಕೊಡತಕ್ಕದ್ದೆಂಬುದು ಅದರ ಸಾರ. ಈ ಕಡ್ಡಾಯ ದುಡಿಮೆಗೆ ಅಲ್ಲಿ ಪ್ಲೇಸ್‌ಮೆಂಟ್ ಎನ್ನುತ್ತಾರೆ. ಪ್ಲೇಸ್‌ಮೆಂಟಿನ ಬಡತನವೆಂದು ವಿದ್ಯಾರ್ಥಿಗಳು ಬಹುಕಾಲ ಕೂಗಿಕೊಂಡುದರ ಫಲವಿದು; ಒಳ್ಳೆಯದೇ ಆಯಿತು. ಆದರೆ ವಿಕಲಚೇತನರ ಮನೆಬಾಗಿಲಿಗೆ ಹೋಗಿ, ಅವರನ್ನು ಹಾಸಿಗೆಯಿಂದೆಬ್ಬಿಸುವ, ಮೀಯಿಸುವ, ಉಣಿಸುವ, ಪೇಟೆಗೂ ಗೆಳೆಯರಲ್ಲಿಗೂ ಕರೆದೊಯ್ಯುವ ಕೆಲಸವನ್ನು ಕಲಿಯುತ್ತಿರುವವನ ಹೆಸರು ಆ ಪಟ್ಟಿಯಲ್ಲಿಲ್ಲ. ಇದು ಮರೆವಿನ ಫಲವೆಂದು ನನಗೆ ತೋರುವುದಿಲ್ಲ. ಮನೆಯೊಳಗಿನ ಆರೈಕೆಯನ್ನು ವಿದ್ಯೆಯೆಂದು ಗಣಿಸಲೊಲ್ಲದ ಪುರಾತನ ತಾತ್ಸಾರವೇ ಇಲ್ಲಿ ಸರ್ಕಾರಿ ಆಜ್ಞೆಯ ರೂಪವನ್ನು ತಾಳಿದೆ.

ಆ ದೇಶದಲ್ಲಿ ಸಪೋರ್ಟ್ ವರ್ಕರ್ ಎಂಬ ಈ ವೃತ್ತಿಗೆ ಇಳಿಯುವವರು ಸಾಮಾನ್ಯವಾಗಿ ಪಡೆಯುವ ಮೂರನೆಯ ದರ್ಜೆಯ ಸರ್ಟಿಫಿಕೇಟಿಗೆ 120 ಗಂಟೆಗಳ ಪ್ಲೇಸ್‌ಮೆಂಟ್ ಕಡ್ಡಾಯವಾಗಿದೆ. 2009ರ ದುಡಿಮೆಯ ಕಾನೂನು, ವ್ಯಾಸಂಗದ ಅಂಗವಾಗಿ ವಿದ್ಯಾಸಂಸ್ಥೆಯೇ ಗೊತ್ತುಮಾಡಿದ ಇಂತಹ ದುಡಿಮೆಗೆ ಸಂಬಳವನ್ನು ಕೊಡಬೇಕಾದುದಿಲ್ಲವೆಂದು ಸ್ಪಷ್ಟವಾಗಿಯೇ ವಿಧಿಸಿರುವುದರಿಂದ, ಈ ಗಂಟೆಗಳು ನ್ಯಾಯಾಲಯದ ಕಣ್ಣಿಗೆ ಶೋಷಣೆಯಲ್ಲ, ಪಾಠ. ನೂರಿಪ್ಪತ್ತು ಗಂಟೆಯೆಂದರೆ ಮೂರು ವಾರದ ಮಾತು, ಅದಕ್ಕೇಕೆ ಇಷ್ಟು ರಂಪವೆಂದು ಕೇಳುವವರು ಮೆಲ್ಬರ್ನ್ ಸಿಡ್ನಿಗಳಲ್ಲಿ ಮೂವರು ನಾಲ್ವರು ಸೇರಿ ಒಂದು ಕೋಣೆಯ ಬಾಡಿಗೆಯನ್ನು ಹಂಚಿಕೊಳ್ಳುವ ನಮ್ಮ ಹುಡುಗರನ್ನು ಕೇಳಿ ನೋಡಬೇಕು. ಹಾಸನದಿಂದಲೋ ದಾವಣಗೆರೆಯಿಂದಲೋ ಹೋಗಿ, ಎಂ.ಬಿ.ಎ. ಓದುತ್ತಲೋ ಲೆಕ್ಕಪತ್ರ ಓದುತ್ತಲೋ, ಹೊಟ್ಟೆಪಾಡಿಗೆ ಸಪೋರ್ಟ್ ವರ್ಕರ್ ಆಗಿರುವ ಕನ್ನಡದ ಹುಡುಗ ಹುಡುಗಿಯರು ಆ ಊರುಗಳಲ್ಲಿ ಅಪರೂಪವಲ್ಲ. ವಿದೇಶೀ ವಿದ್ಯಾರ್ಥಿಗೆ ತರಗತಿಗಳು ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವ ಅಪ್ಪಣೆಯಿಲ್ಲ. ವ್ಯಾಸಂಗದ ಕಡ್ಡಾಯ ಪ್ಲೇಸ್‌ಮೆಂಟು ಆ ಮಿತಿಯೊಳಗೆ ಎಣಿಕೆಯಾಗುವುದಿಲ್ಲವೆಂಬುದು ನಿಜ, ಆದರೆ ದೇಹವೂ ಗಡಿಯಾರವೂ ಆ ರಿಯಾಯಿತಿಯನ್ನು ಮನ್ನಿಸುವುದಿಲ್ಲವಾಗಿ, ಕೂಲಿಯಿಲ್ಲದ ಪ್ರತಿಯೊಂದು ಹಗಲೂ ಕೂಲಿಯ ಒಂದು ಶಿಫ್ಟನ್ನು ನುಂಗಿಯೇ ನುಂಗುತ್ತದೆ. ಹೊಸ ಭತ್ಯೆಯಂತೂ ಸ್ವದೇಶೀಯರಿಗೆ ಮಾತ್ರ.

ಇಷ್ಟಾದರೂ ವಿದ್ಯಾರ್ಥಿಯ ಬಡತನವೊಂದನ್ನೇ ಮುಂದಿಟ್ಟು ನಾನು ವಾದಿಸಹೊರಟವನಲ್ಲ. ಬಡತನದ ವಾದಕ್ಕೆ ದಯೆಯ ಉತ್ತರ ಸಿಕ್ಕಿಬಿಡುತ್ತದೆ, ದಯೆಯೋ ಆಯವ್ಯಯದ ಹಂಗಿನಲ್ಲಿರುವಂತಹುದು. ನನ್ನ ಆಕ್ಷೇಪಣೆಯ ಬೇರು ಬೇರೊಂದೆಡೆ ಇದೆ.

2020ರ ಏಪ್ರಿಲ್ ತಿಂಗಳಲ್ಲಿ ಅಡಿಲೇಡಿನಲ್ಲಿ ಐವತ್ತನಾಲ್ಕು ವರ್ಷ ವಯಸ್ಸಿನ ಒಬ್ಬ ಮಹಿಳೆ ತೀರಿಕೊಂಡರು. ಆಕೆಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ರಾಷ್ಟ್ರೀಯ ವಿಕಲಚೇತನ ವಿಮಾಯೋಜನೆಯಾದ ಎನ್‌ಡಿಐಎಸ್‌ನ ಹಣದಿಂದ ಆಕೆಯ ಆರೈಕೆಗೆ ದಿನಕ್ಕೆ ಆರು ಗಂಟೆಗಳು ನಿಗದಿಯಾಗಿದ್ದವು. ಕಾಗದದ ಮೇಲೆ ಯಾವ ಕೊರತೆಯೂ ಇರಲಿಲ್ಲ. ಆದರೆ ಪೊಲೀಸರು ಹೇಳಿದಂತೆ ಆಕೆ ಒಂದು ವರ್ಷಕ್ಕೂ ಮೀರಿ ಹಗಲಿರುಳು ಒಂದು ಬೆತ್ತದ ಕುರ್ಚಿಯಲ್ಲಿಯೇ ಕಳೆದಿದ್ದರು; ಹುಣ್ಣು ಬಲಿತು, ನಂಜೇರಿ, ಆಸ್ಪತ್ರೆಗೆ ಸೇರುವ ವೇಳೆಗೆ ಉಳಿಸಿಕೊಳ್ಳುವ ಹಂತ ದಾಟಿತ್ತು. ಆರೈಕೆಯವಳಿಗೆ ಜೈಲಾಯಿತು. ಆದರೆ ಈ ಪ್ರಕರಣದಲ್ಲಿ ನನ್ನನ್ನು ಕಾಡುವ ಸಂಗತಿ ಆ ಒಬ್ಬಳ ಕ್ರೌರ್ಯವಲ್ಲ. ಅಷ್ಟು ದೀರ್ಘಕಾಲ ಆ ಬಾಗಿಲನ್ನು ದಾಟಿ ಒಳಹೊಕ್ಕು ಕಣ್ಣಾರೆ ಕಾಣುವ ಎರಡನೆಯ ಮನುಷ್ಯನೇ ಇಲ್ಲದಿದ್ದುದು ಅದಕ್ಕಿಂತ ಘೋರವಾದುದು. ವಿಕಲಚೇತನರ ಮೇಲಿನ ಹಿಂಸೆ, ಉಪೇಕ್ಷೆಗಳನ್ನು ವಿಚಾರಿಸಲು 2019ರಲ್ಲಿ ನೇಮಕಗೊಂಡ ರಾಯಲ್ ಕಮಿಷನ್, 2023ರ ಸೆಪ್ಟೆಂಬರಿನಲ್ಲಿ ಹನ್ನೆರಡು ಸಂಪುಟಗಳ ವರದಿಯನ್ನೂ 222 ಶಿಫಾರಸುಗಳನ್ನೂ ಒಪ್ಪಿಸಿತು. ಸಪೋರ್ಟ್ ವರ್ಕರುಗಳ ರಾಷ್ಟ್ರೀಯ ನೋಂದಣಿಯೂ ಅವುಗಳಲ್ಲೊಂದು. ನೋಂದಣಿ ಬರಲಿ. ಆದರೆ ಮುಚ್ಚಿದ ಕೋಣೆಯೊಳಕ್ಕೆ ಕಾಯಿದೆಯ ಮುಖಾಂತರವೇ ಎರಡನೆಯ ಜೊತೆ ಕಣ್ಣುಗಳನ್ನು ಕಳುಹಿಸುವ ಸಾಧನವೊಂದು ಈಗಾಗಲೇ ಕೈಯಲ್ಲಿದೆ, ಪ್ಲೇಸ್‌ಮೆಂಟಿಗೆ ಬರುವ ವಿದ್ಯಾರ್ಥಿಯೇ ಅದು, ಎಂಬುದನ್ನು ಯಾರೂ ಗಮನಿಸಿದಂತಿಲ್ಲ.

ಆ ಕಣ್ಣುಗಳಿಗೆ ಏನು ಕಾಣುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಾಸಿಗೆಯಿಂದ ಗಾಲಿಕುರ್ಚಿಗೆ ಒಬ್ಬರನ್ನು ಹಾಯ್ಸ್ಟ್ ಯಂತ್ರದಿಂದ ಎತ್ತುವುದಕ್ಕೆ ಮುನ್ನ, ಅವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿನಡಿ ಜೋಲಿಯನ್ನು ಹಾಸಬೇಕು. ತೊಡೆಗಳ ಕೆಳಗಿನ ಪಟ್ಟಿಗಳನ್ನು ಒಂದರೊಳಗೊಂದು ತೂರಿಸಬೇಕು. ಎಡಬಲದ ಕುಣಿಕೆಗಳು ಒಂದೇ ಬಣ್ಣದವೇ ಎಂದು ನೋಡಬೇಕು, ಇಲ್ಲವಾದರೆ ದೇಹ ವಾಲಿಬಿಡುತ್ತದೆ. ಹಾಸಿಗೆಯಿಂದ ಒಂದು ಗೇಣು ಎತ್ತುವುದಕ್ಕೂ ಮೊದಲು, ಈಗ ಎತ್ತುತ್ತೇನೆಂದು ಹೇಳಿ, ಅವರ ಒಪ್ಪಿಗೆಯನ್ನು, ಮಾತಿಲ್ಲದವರಾದರೆ ಕಣ್ಣಿನ ಸನ್ನೆಯನ್ನು, ಪಡೆಯಬೇಕು. ಮನೆಯಿಂದ ಮನೆಗೆ ಓಡುವ ದಣಿದ ಕಾರ್ಯಕರ್ತ ಮೊದಲು ಕೈಬಿಡುವುದು ಈ ಕೊನೆಯದನ್ನೇ. ಮಾತಿಲ್ಲದೆ ಎತ್ತಲ್ಪಟ್ಟ ಮನುಷ್ಯನ ಮುಖ ಬಿಗಿಯುವುದನ್ನು ಬದಿಯಲ್ಲಿ ನಿಂತ ವಿದ್ಯಾರ್ಥಿ ಕಾಣುತ್ತಾನೆ, ಕಂಡರೂ ಆಡುವುದಿಲ್ಲ. ಏಕೆಂದರೆ ಆ ಸಂಜೆ ಅವನ ಲಾಗ್ ಪುಸ್ತಕದಲ್ಲಿ ಎಂಟು ಗಂಟೆಗಳನ್ನು ಬರೆದು ರುಜು ಹಾಕಬೇಕಾದವರು ಅದೇ ಸಂಸ್ಥೆಯವರೇ. ಆ ರುಜುವಿಲ್ಲದಿದ್ದರೆ ಸರ್ಟಿಫಿಕೇಟಿಲ್ಲ, ಸರ್ಟಿಫಿಕೇಟಿಲ್ಲದಿದ್ದರೆ ಮುಂದಿನ ಕೆಲಸಕ್ಕೆ ದಾರಿ ಸುಲಭವಲ್ಲ. ಕೂಲಿಯೂ ಇಲ್ಲದೆ, ನೌಕರನ ಹಕ್ಕೂ ಇಲ್ಲದೆ, ಪರರ ಒಂದು ಸಹಿಗಾಗಿ ಹಲ್ಲುಕಚ್ಚಿ ನಿಂತವನನ್ನು ಸಾಕ್ಷಿಯೆಂದು ಯಾವ ಧರ್ಮಶಾಸ್ತ್ರವೂ ಅಂಗೀಕರಿಸಲಾರದು.

ಆದಕಾರಣ ನಾನು ಕೇಳುವ ಸಂಬಳ ಹಸಿವಿನ ಪರಿಹಾರಕ್ಕಿಂತ ಹೆಚ್ಚಿನದು. ಅದು ಸರ್ಕಾರದ ಬೊಕ್ಕಸದಿಂದ ಬರತಕ್ಕದ್ದು, ಸಂಸ್ಥೆಯ ಕೃಪೆಯಿಂದಲ್ಲ. ಪಡೆಯುವವನು ದೇಶೀಯನೋ ವಿದೇಶೀಯನೋ ಎಂಬ ವಿಚಾರಣೆ ಅಲ್ಲಿ ಸಲ್ಲದು. ಮತ್ತು ಅದರೊಡನೆ ಎನ್‌ಡಿಐಎಸ್‌ನ ಗುಣಮಟ್ಟ ಮತ್ತು ರಕ್ಷಣಾ ಆಯೋಗಕ್ಕೆ ನೇರವಾಗಿ ವರದಿಮಾಡುವ ಅಧಿಕಾರವೂ, ಹಾಗೆ ಮಾಡಿದವನ ಗಂಟೆಗಳನ್ನು ಯಾರೂ ಕಿತ್ತುಕೊಳ್ಳಲಾಗದ ಭದ್ರತೆಯೂ ಸೇರಿರಬೇಕು.

ಇದನ್ನು ಕೇಳಿದೊಡನೆ ನಮ್ಮವರೇ ಕೆಲವರು ಹುಬ್ಬು ಗಂಟಿಕ್ಕುತ್ತಾರೆಂದು ಬಲ್ಲೆ. ಅಶಕ್ತರ ಸೇವೆ ಪುಣ್ಯದ ಕೆಲಸ, ಅದನ್ನು ಗಂಟೆಯ ಲೆಕ್ಕದಲ್ಲಿ ಅಳೆಯುವುದು ಅಧರ್ಮವೆಂದು ವಾರಾಂತ್ಯದ ಸಂಘದ ಸಭೆಗಳಲ್ಲಿ ಉಪದೇಶಮಾಡುವ ಮಹನೀಯರು ತಮ್ಮ ಸಾಫ್ಟ್‌ವೇರ್ ಕಂಪನಿಯ ಸಂಬಳದ ವಿಷಯದಲ್ಲಿ ಈ ವೈರಾಗ್ಯವನ್ನು ತೋರಿದುದನ್ನು ನಾನಂತೂ ಕಾಣೆ. ಪುಣ್ಯದ ಮಾತಿನಲ್ಲಿ ಮತ್ತೊಂದು ವಿಷವೂ ಅಡಗಿದೆ: ಪುಣ್ಯ ಮಾಡುವವನಿಗೆ ಎದುರಿನ ಮನುಷ್ಯ ಪಾತ್ರನಾಗುತ್ತಾನೆ, ದಾನವನ್ನು ಸ್ವೀಕರಿಸಿ ಕೃತಜ್ಞನಾಗಿ ಇರಬೇಕಾದವನು, ಸ್ನಾನದ ನೀರು ಬಿಸಿಯಾಯಿತೆಂದು ದೂರುವ ಅಧಿಕಾರವೂ ಅವನಿಗಿರುವುದಿಲ್ಲ.

ಇದಕ್ಕಿಂತ ಗೌರವಾರ್ಹವಾದ ಆಕ್ಷೇಪಣೆ ವಿಕಲಚೇತನರಿಂದಲೇ ಬಂದಿದೆ. ತಮ್ಮ ಮನೆ ಯಾರ ಪಾಠಶಾಲೆಯೂ ಅಲ್ಲ, ತಮ್ಮ ದೇಹ ಯಾರ ಅಭ್ಯಾಸದ ಹಲಗೆಯೂ ಅಲ್ಲ. ತಮ್ಮನ್ನು ಬಲ್ಲ ನೆರೆಮನೆಯ ಹುಡುಗಿ, ಯಾವ ಸರ್ಟಿಫಿಕೇಟೂ ಇಲ್ಲದಿದ್ದರೂ, ಕಾಲೇಜಿನಿಂದ ಬಂದ ಅಪರಿಚಿತನಿಗಿಂತ ಎಷ್ಟೋ ಮೇಲೆಂಬ ಅವರ ಮಾತಿಗೆ ನಾನು ತಲೆಬಾಗುತ್ತೇನೆ. ಎನ್‌ಡಿಐಎಸ್ ಹುಟ್ಟಿದ್ದೇ 2013ರಲ್ಲಿ ಆಯ್ಕೆಯ ಹಕ್ಕನ್ನು ಅವರ ಕೈಗೊಪ್ಪಿಸುವೆನೆಂಬ ಪ್ರತಿಜ್ಞೆಯಿಂದಲ್ಲವೆ? ಹಾಗಿದ್ದಮೇಲೆ ವಿದ್ಯಾರ್ಥಿ ಬರುವನೋ ಬಾರನೋ ಎಂಬುದು ಅವರ ಅಪ್ಪಣೆಗೆ ಬಿಟ್ಟದ್ದಾಗಿರಲಿ. ಅಪ್ಪಣೆ ಕೊಟ್ಟವರು ಆ ದಿನಗಳಲ್ಲಿ ಗುರುಗಳಾಗಿರುವುದರಿಂದ ಅವರಿಗೂ ಗುರುವಿನ ಸಂಭಾವನೆ ಸಲ್ಲಲಿ. ಲಾಗ್ ಪುಸ್ತಕದ ರುಜು ಮ್ಯಾನೇಜರನದ್ದಾಗಿರದೆ ಅವರದಾಗಿರಲಿ. ಯಾರ ದೇಹವನ್ನು ಮುಟ್ಟಲಾಯಿತೋ ಅವರಿಗಿಂತ ಚೆನ್ನಾಗಿ ಆ ಮುಟ್ಟುವಿಕೆಯನ್ನು ಅಳೆಯಬಲ್ಲವರು ಯಾರು? ಕಲಿಸದೆ, ಪರೀಕ್ಷಿಸದೆ ಸರ್ಟಿಫಿಕೇಟುಗಳನ್ನು ಮಾರಿದ ಖಾಸಗಿ ಕಾಲೇಜುಗಳ ಬಾಗಿಲು ಮುಚ್ಚಿಸಿ, ಆರೈಕೆಯ ಕೋರ್ಸುಗಳೂ ಸೇರಿದಂತೆ ಇಪ್ಪತ್ತು ಸಾವಿರಕ್ಕೂ ಮಿಗಿಲಾದ ಅರ್ಹತಾಪತ್ರಗಳನ್ನು ಅಲ್ಲಿನ ನಿಯಂತ್ರಣಾಧಿಕಾರಿಗಳು ಈಚೆಗೆ ರದ್ದುಪಡಿಸಬೇಕಾಗಿ ಬಂದಿತಲ್ಲ, ಗುರುತಿಲ್ಲದ ಮ್ಯಾನೇಜರನ ಸಹಿಗೆ ಬದಲಾಗಿ ವಿಕಲಚೇತನನೊಬ್ಬನ ಒಪ್ಪಿಗೆಯ ಮುದ್ರೆ ಬೇಕಾಗಿದ್ದರೆ ಆ ವ್ಯಾಪಾರ ಅಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ.

ಇನ್ನುಳಿದದ್ದು ಸೇವಾಸಂಸ್ಥೆಗಳ ಬೆದರಿಕೆ. ಇಷ್ಟೆಲ್ಲ ಕಟ್ಟುಪಾಡು ಹೂಡಿದರೆ ತಾವು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದೇ ಇಲ್ಲವೆಂದು ಅವು ಗೊಣಗುವುದು ಸಹಜವೇ. ಒಂದು ಗಂಟೆಯ ಆರೈಕೆಗೆ ಸುಮಾರು ಎಪ್ಪತ್ತು ಡಾಲರಿನ ಲೆಕ್ಕದಲ್ಲಿ ಎನ್‌ಡಿಐಎಸ್‌ನಿಂದ ಹಣ ಪಡೆಯುವ ಸಂಸ್ಥೆಗೆ ಬಿಟ್ಟಿಯ ಎರಡು ಕೈಗಳನ್ನು ಕಳೆದುಕೊಳ್ಳುವುದು ಕಷ್ಟವೇ ಸರಿ. ಸೇರಿಸಿಕೊಳ್ಳದಿರಲಿ. ಹೊರಗಿನ ಎರಡು ಕಣ್ಣುಗಳನ್ನು ಬಿಟ್ಟಿಯಾಗಿ ಬಂದಾಗ ಮಾತ್ರ ಒಳಬಿಡುವ ಸಂಸ್ಥೆಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸುವ ಭಾರವನ್ನು ಆಯೋಗವೇ ಹೊತ್ತರೆ, ತಮ್ಮ ಮಕ್ಕಳನ್ನೂ ಒಡಹುಟ್ಟಿದವರನ್ನೂ ಯಾರ ಕೈಗೊಪ್ಪಿಸಬೇಕೆಂದು ಯೋಚಿಸುತ್ತಿರುವ ಕುಟುಂಬಗಳಿಗೆ ಅದಕ್ಕಿಂತ ಉಪಯುಕ್ತವಾದ ಕೈಪಿಡಿ ಬೇರೊಂದು ಬೇಕಾಗಲಾರದು.