ಎರಡನೆಯ ಪ್ರೊಸೆಸರ್ ಹಾಕಿದರೆ ವೇಗ ಎರಡು ಪಟ್ಟಾಗುವುದೇ?

ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಇಂಥದೊಂದು ಮಾತು ಬರುವುದುಂಟು. ‘ಹೊಸ ಕಂಪ್ಯೂಟರ್ ಬೇಡ ಅಪ್ಪಾ, ಕಂಪನಿಗಳು ಬಳಸಿ ಬಿಟ್ಟ ವರ್ಕ್‌ಸ್ಟೇಷನ್ ಕಡಿಮೆ ಬೆಲೆಗೆ ಸಿಗುತ್ತದೆ. ಅದರಲ್ಲಿ ಇನ್ನೊಂದು ಪ್ರೊಸೆಸರ್‌ಗೆ ಜಾಗ ಖಾಲಿ ಇದೆ. ತಂದು ಹಾಕಿದರೆ ವೇಗ ಎರಡು ಪಟ್ಟಾಗುತ್ತದೆ.’ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಬಿಡಿಭಾಗಗಳು ಸಿಗುವುದು ನಿಜ. ಕೆಲವು ವರ್ಕ್‌ಸ್ಟೇಷನ್‌ಗಳಲ್ಲಿ ಎರಡನೆಯ ಸಾಕೆಟ್ ಖಾಲಿ ಇರುವುದೂ ನಿಜ. ಆದರೆ ವೇಗ ಎರಡು ಪಟ್ಟಾಗುವುದೆಂಬ ಮಾತು ಅಷ್ಟು ಸರಳವಲ್ಲ. ಎಷ್ಟೋ ಸಲ ವೇಗ ಒಂದಿಷ್ಟೂ ಏರುವುದಿಲ್ಲ, ಏರುವುದು ವಿದ್ಯುತ್ ಬಿಲ್ ಮಾತ್ರ. ಹೀಗೇಕೆ ಎಂಬುದನ್ನು ಈ ವಾರ ನೋಡೋಣ.

ಮದುವೆ ಮನೆಯ ಅಡುಗೆಯನ್ನು ನೆನೆಯಿರಿ. ಐನೂರು ಜನರ ಊಟಕ್ಕೆ ಒಬ್ಬರೇ ಭಟ್ಟರು ಸಾಲದೆಂದು ಇನ್ನೊಬ್ಬರನ್ನು ಕರೆಸಿದಿರಿ ಎನ್ನಿ. ಒಬ್ಬರು ಹುಳಿಗೆ ತರಕಾರಿ ಹೆಚ್ಚುವಾಗ ಇನ್ನೊಬ್ಬರು ಪಾಯಸಕ್ಕೆ ಶ್ಯಾವಿಗೆ ಹುರಿಯಬೇಕು. ಹಾಗೆಂದು ಹೇಳಿ ಕೆಲಸ ಹಂಚುವವರು ಒಬ್ಬರು ಬೇಕು. ಹೊಸಬರು ಬಂದಿದ್ದಾರೆಂಬುದೇ ಆ ಮೇಲ್ವಿಚಾರಕರಿಗೆ ತಿಳಿಯದಿದ್ದರೆ, ಬಂದವರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾರೆ. ಸಂಬಳವನ್ನಂತೂ ಕೊಡಲೇಬೇಕು.

ಕಂಪ್ಯೂಟರಿನಲ್ಲಿ ಈ ಮೇಲ್ವಿಚಾರಣೆ ನಡೆಸುವುದು ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್, ಲಿನಕ್ಸ್ ಮುಂತಾದವು ಈ ಬಗೆಯ ತಂತ್ರಾಂಶಗಳು. ನೀವು ಹಾಡು ಕೇಳುತ್ತ ಪ್ರಾಜೆಕ್ಟ್ ವರದಿ ಟೈಪ್ ಮಾಡುತ್ತಿರುವಾಗ ಯಾವ ಕೆಲಸ ಯಾವ ಪ್ರೊಸೆಸರ್‌ಗೆ, ಎಷ್ಟು ಹೊತ್ತಿಗೆ ಎಂದು ಕ್ಷಣಕ್ಷಣಕ್ಕೂ ತೀರ್ಮಾನಿಸುವುದು ಅದೇ. ಎರಡನೆಯ ಪ್ರೊಸೆಸರ್ ಇದೆಯೆಂದು ಅದಕ್ಕೆ ತಿಳಿದಿರಬೇಕು. ಕೆಲಸ ಹಂಚುವ ಜಾಣತನ ಇರಬೇಕು. ಹಂಚಲು ಅನುಮತಿಯೂ ಇರಬೇಕು. ಈ ಮೂರನ್ನೂ ಒಂದೊಂದಾಗಿ ತೆಗೆದುಕೊಳ್ಳೋಣ.

ತಿಳಿಯದ ಮೇಲ್ವಿಚಾರಕ

ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ 1999ರದು. ಆ ವರ್ಷ ಅಬಿಟ್ ಎಂಬ ಕಂಪನಿ ಬಿಪಿ6 ಎಂಬ ಮದರ್‌ಬೋರ್ಡನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಎರಡು ಸಾಕೆಟ್‌ಗಳಿದ್ದವು. ಇಂಟೆಲ್‌ನ ಸೆಲೆರಾನ್ ಪ್ರೊಸೆಸರ್‌ಗಳು ಅಗ್ಗದವು. ಅವುಗಳನ್ನು ಜೋಡಿಯಾಗಿ ಬಳಸುವುದು ಇಂಟೆಲ್‌ನ ಉದ್ದೇಶವಾಗಿರಲಿಲ್ಲ. ಆದರೂ ಯಾವ ಮಾರ್ಪಾಡೂ ಇಲ್ಲದೆ ಎರಡು ಸೆಲೆರಾನ್‌ಗಳು ಈ ಬೋರ್ಡಿನಲ್ಲಿ ಒಟ್ಟಿಗೆ ಓಡಿದವು. ಅಲ್ಲಿಯವರೆಗೆ ದುಬಾರಿ ಸರ್ವರ್‌ಗಳಲ್ಲಿ ಮಾತ್ರ ಕಾಣುತ್ತಿದ್ದ ಜೋಡಿ ಪ್ರೊಸೆಸರ್ ಸಾಮಾನ್ಯರ ಮೇಜಿಗೆ ಬಂದಿತೆಂದು ಹವ್ಯಾಸಿಗಳು ಹಿಗ್ಗಿದರು.

ಆದರೆ ಆಗ ಮನೆಗಳಲ್ಲಿ ಹೆಚ್ಚಾಗಿ ಇದ್ದದ್ದು ವಿಂಡೋಸ್ 98. ಒಂದೇ ಪ್ರೊಸೆಸರ್ ಇರುತ್ತದೆ ಎಂಬ ಲೆಕ್ಕದಲ್ಲಿ ರಚಿತವಾದ ವ್ಯವಸ್ಥೆ ಅದು. ಅದನ್ನು ಹಾಕಿದವರ ಯಂತ್ರದಲ್ಲಿ ಎರಡನೆಯ ಸೆಲೆರಾನ್ ಸುಮ್ಮನೆ ಕುಳಿತಿತು. ಅದೇ ಬೋರ್ಡಿಗೆ ವಿಂಡೋಸ್ ಎನ್‌ಟಿ ಅಥವಾ ಲಿನಕ್ಸ್ ಹಾಕಿದವರಿಗೆ ಎರಡೂ ದುಡಿದುಕೊಟ್ಟವು. ಯಂತ್ರಾಂಶ ಒಂದೇ, ಖರ್ಚೂ ಒಂದೇ. ವ್ಯತ್ಯಾಸ ಇದ್ದದ್ದು ತಂತ್ರಾಂಶದಲ್ಲಿ ಮಾತ್ರ.

ಎನ್‌ಟಿಯಲ್ಲೂ ಒಂದು ತೊಡಕಿತ್ತು. ಅದನ್ನು ಯಂತ್ರಕ್ಕೆ ಮೊದಲ ಬಾರಿ ಹಾಕುವಾಗ ಅಲ್ಲಿ ಎಷ್ಟು ಪ್ರೊಸೆಸರ್‌ಗಳಿವೆ ಎಂದು ನೋಡಿ ಅದಕ್ಕೆ ತಕ್ಕ ತಿರುಳನ್ನು ಪ್ರತಿಷ್ಠಾಪಿಸುತ್ತಿತ್ತು. ಒಂದೇ ಇದ್ದರೆ ಒಂದಕ್ಕೆ ಹೊಂದುವ ತಿರುಳು. ಆರು ತಿಂಗಳ ಮೇಲೆ ಇನ್ನೊಂದನ್ನು ತಂದು ಕೂರಿಸಿದರೆ ಅದು ತಾನಾಗಿ ಬದಲಾಗುತ್ತಿರಲಿಲ್ಲ. ತಿರುಳಿನ ಕಡತಗಳನ್ನು ಬದಲಾಯಿಸಬೇಕಿತ್ತು, ಇಲ್ಲವೇ ಇಡೀ ವ್ಯವಸ್ಥೆಯನ್ನು ಮತ್ತೆ ಹಾಕಬೇಕಿತ್ತು.

ಉಗ್ರಾಣದ ಒಂದೇ ಬೀಗದ ಕೈ

ಇನ್ನು ಹಂಚುವ ಜಾಣತನ. ಲಿನಕ್ಸ್‌ಗೆ ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳನ್ನು ನಡೆಸುವ ಶಕ್ತಿ ಬಂದದ್ದು 1996ರ 2.0 ಆವೃತ್ತಿಯಲ್ಲಿ. ಈ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸಿದವರು ಬ್ರಿಟನ್ನಿನ ಅಲನ್ ಕಾಕ್ಸ್. ಕಾಲ್ಡೆರಾ ಎಂಬ ಕಂಪನಿ ಜೋಡಿ ಪೆಂಟಿಯಂ ಬೋರ್ಡೊಂದನ್ನು ದಾನವಾಗಿ ಕೊಟ್ಟದ್ದರಿಂದಲೇ ಇದು ಸಾಧ್ಯವಾಯಿತೆಂದು ಅವರು ಕೃತಜ್ಞತೆಯಿಂದ ದಾಖಲಿಸಿದ್ದಾರೆ.

ಆ ಮೊದಲ ಏರ್ಪಾಟು ಬಲು ಸರಳವಾಗಿತ್ತು. ಅಡುಗೆಯವರು ಇಬ್ಬರಿದ್ದರೂ ಉಗ್ರಾಣಕ್ಕೆ ಇದ್ದದ್ದು ಒಂದೇ ಬೀಗದ ಕೈ. ಒಬ್ಬರು ಒಳಗೆ ಹೋಗಿ ಬೇಳೆ ಅಳೆಯುತ್ತಿದ್ದರೆ, ಬರೀ ಉಪ್ಪು ಬೇಕಾದ ಇನ್ನೊಬ್ಬರೂ ಬಾಗಿಲಲ್ಲಿ ಕಾಯಬೇಕು. ಲೆಕ್ಕ ತಪ್ಪದಿರಲು ಈ ನಿಯಮ ಬೇಕೇಬೇಕು. ಇಬ್ಬರೂ ಒಟ್ಟಿಗೆ ನುಗ್ಗಿ ಒಂದೇ ಡಬ್ಬಿಗೆ ಕೈಹಾಕಿದರೆ ಎಷ್ಟು ತೆಗೆದದ್ದು, ಎಷ್ಟು ಉಳಿದದ್ದು ಎಂಬುದೇ ತಿಳಿಯದು. ಕಂಪ್ಯೂಟರಿನಲ್ಲಿ ಎರಡು ಪ್ರೊಸೆಸರ್‌ಗಳು ಮೆಮೊರಿಯ ಒಂದೇ ಜಾಗವನ್ನು ಒಟ್ಟಿಗೆ ತಿದ್ದಿದರೂ ಹಾಗೆಯೇ ಆಗುತ್ತದೆ. ಆದ್ದರಿಂದ ಒಂದು ಹೊತ್ತಿಗೆ ಒಂದೇ ಪ್ರೊಸೆಸರ್ ಲಿನಕ್ಸಿನ ತಿರುಳನ್ನು ಪ್ರವೇಶಿಸಬಹುದೆಂದು ನಿಯಮ ಮಾಡಿದ್ದರು. ತಿರುಳಿನ ನೆರವನ್ನು ಪದೇ ಪದೇ ಬೇಡುವ ಕೆಲಸಗಳಲ್ಲಿ, ಎಂದರೆ ಡಿಸ್ಕಿನಿಂದ ಓದುವುದು, ಜಾಲದ ಮೂಲಕ ಕಳಿಸುವುದು ಇತ್ಯಾದಿಗಳಲ್ಲಿ, ಎರಡನೆಯ ಪ್ರೊಸೆಸರ್‌ನ ಹೊತ್ತು ಕಾಯುವುದರಲ್ಲೇ ಕಳೆಯುತ್ತಿತ್ತು.

ಮುಂದೆ ಡಬ್ಬಿಗೊಂದರಂತೆ ಬೇರೆ ಬೇರೆ ಬೀಗಗಳು ಬಂದವು. ಹಳೆಯ ದೊಡ್ಡ ಬೀಗ ಪೂರ್ತಿಯಾಗಿ ಹೋದದ್ದು 2011ರಲ್ಲಿ, 2.6.39 ಆವೃತ್ತಿಯಲ್ಲಿ. ಎಂದರೆ ‘ಬೆಂಬಲ ಇದೆ’ ಎಂಬ ಎರಡು ಶಬ್ದಗಳಿಂದ ‘ಚೆನ್ನಾಗಿ ಬೆಂಬಲಿಸುತ್ತದೆ’ ಎಂಬಲ್ಲಿಗೆ ತಲುಪಲು ಹದಿನೈದು ವರ್ಷಗಳ ದುಡಿಮೆ ಬೇಕಾಯಿತು.

ಅನುಮತಿ ಎಂಬ ಮೂರನೆಯ ಮಾತು

ಮೂರನೆಯದು ತಾಂತ್ರಿಕ ವಿಷಯವಲ್ಲ, ವ್ಯಾಪಾರದ್ದು. ವಿಂಡೋಸ್ ಎನ್‌ಟಿ 4.0ರ ವರ್ಕ್‌ಸ್ಟೇಷನ್ ಆವೃತ್ತಿ ಎರಡು ಪ್ರೊಸೆಸರ್‌ಗಳನ್ನು ಬಳಸುತ್ತಿತ್ತು, ಸರ್ವರ್ ಆವೃತ್ತಿ ನಾಲ್ಕನ್ನು. ಎಕ್ಸ್‌ಪಿ ಬಂದಾಗ ಹೋಮ್ ಆವೃತ್ತಿಗೆ ಒಂದು, ಪ್ರೊಫೆಷನಲ್‌ಗೆ ಎರಡು ಎಂದು ಗೊತ್ತುಮಾಡಿದರು. ವಿಂಡೋಸ್ 10 ಮತ್ತು 11ರಲ್ಲೂ ಇದೇ ಪದ್ಧತಿ: ಹೋಮ್‌ಗೆ ಒಂದು ಸಾಕೆಟ್, ಪ್ರೊಗೆ ಎರಡು. ಎರಡನೆಯದನ್ನು ನಡೆಸುವ ಜಾಣತನ ಹೋಮ್ ಆವೃತ್ತಿಗೂ ಉಂಟು. ಆದರೆ ಕೊಟ್ಟ ಹಣಕ್ಕೆ ತಕ್ಕಂತೆ ಅದರ ಕೈ ಕಟ್ಟಿದ್ದಾರೆ.

ಇಲ್ಲಿ ಒಂದು ಗೊಂದಲ ಬೇಡ. ಈ ಲೆಕ್ಕ ಸಾಕೆಟ್‌ಗಳದು, ಕೋರ್‌ಗಳದಲ್ಲ. 2005ರಲ್ಲಿ ಇಂಟೆಲ್ ಪೆಂಟಿಯಂ ಡಿಯನ್ನೂ ಎಎಂಡಿ ಅಥ್ಲಾನ್ 64 ಎಕ್ಸ್2ನ್ನೂ ಹೊರತಂದ ಮೇಲೆ, ಒಂದೇ ಸಾಕೆಟ್‌ನಲ್ಲಿ ಕೂರುವ ಪ್ರೊಸೆಸರಿನೊಳಗೇ ಎರಡು ಕೋರ್‌ಗಳು ಸಾಮಾನ್ಯ ಗಿರಾಕಿಗೆ ಸಿಗತೊಡಗಿದವು. ಒಂದೊಂದು ಕೋರ್ ಕೂಡ ತಾನೇ ಒಂದು ಪೂರ್ಣ ಪ್ರೊಸೆಸರ್ ಇದ್ದಂತೆ. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಆರು, ಎಂಟು ಕೋರ್‌ಗಳಿರುವುದು ವಿಶೇಷವೇನಲ್ಲ. ಹೋಮ್ ಆವೃತ್ತಿ ಇವೆಲ್ಲವನ್ನೂ ಬಳಸುತ್ತದೆ, ಏಕೆಂದರೆ ಸಾಕೆಟ್ ಒಂದೇ.

ಕೆಲಸ ಹಂಚಲು ಬರುವಂಥದೇ?

ಮೇಲ್ವಿಚಾರಕ ಎಷ್ಟೇ ಜಾಣನಾದರೂ ಕೆಲಸವೇ ಹಂಚಲಾಗದಂಥದಾದರೆ ಮಾಡುವುದೇನು? ಬೇಳೆ ಬೇಯುವ ಮೊದಲು ಹುಳಿಗೆ ಒಗ್ಗರಣೆ ಹಾಕಲು ಬಾರದು. ಐಬಿಎಂನಲ್ಲಿದ್ದ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದ ಇದೇ. ಅದಕ್ಕೆ ಇಂದು ಅವರ ಹೆಸರಿನ ನಿಯಮ ಎನ್ನುತ್ತಾರೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಬಹುದು.

ಒಂದು ಪ್ರೋಗ್ರಾಂ ಮುಗಿಯಲು 60 ನಿಮಿಷ ಬೇಕು ಎನ್ನೋಣ. ಅದರಲ್ಲಿ 40 ನಿಮಿಷದ ಭಾಗವನ್ನು ಹಂಚಬಹುದು. 20 ನಿಮಿಷದ ಭಾಗ ಒಂದಾದ ಮೇಲೊಂದು ನಡೆಯಲೇಬೇಕು. ಎರಡು ಪ್ರೊಸೆಸರ್ ಇದ್ದರೆ 20ಕ್ಕೆ 20 ಸೇರಿ 40 ನಿಮಿಷ. ನಾಲ್ಕಿದ್ದರೆ 20ಕ್ಕೆ 10 ಸೇರಿ 30 ನಿಮಿಷ. ಸಾವಿರ ಇದ್ದರೂ 20 ನಿಮಿಷಕ್ಕಿಂತ ಕೆಳಗೆ ಇಳಿಯದು. ಎಷ್ಟೇ ಹಣ ಸುರಿದರೂ ವೇಗ ಮೂರು ಪಟ್ಟು ಮೀರದು. ಎರಡನೆಯ ಪ್ರೊಸೆಸರ್‌ನಿಂದ ಸಿಕ್ಕ ಲಾಭವಂತೂ ಎರಡು ಪಟ್ಟಲ್ಲ, ಒಂದೂವರೆ ಪಟ್ಟು ಮಾತ್ರ.

ಚೆನ್ನಾಗಿ ಹಂಚಬಹುದಾದ ಕೆಲಸಗಳೂ ಉಂಟು. ಅಂಥದೊಂದನ್ನು ನಮ್ಮವರೇ ಬಹಳ ಹಿಂದೆ ಮಾಡಿ ತೋರಿಸಿದ್ದಾರೆ. 1986ರಲ್ಲಿ ಬೆಂಗಳೂರಿನ ಎನ್.ಎ.ಎಲ್. ವಿಜ್ಞಾನಿಗಳು ಇಂಟೆಲ್‌ನ ನಾಲ್ಕು 8086 ಪ್ರೊಸೆಸರ್‌ಗಳನ್ನು, ಜೊತೆಗೆ ಗಣಿತಕ್ಕೆ ನೆರವಾಗುವ 8087ಗಳನ್ನು ಜೋಡಿಸಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿದರು. ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕ ಹಾಕಬೇಕಾದರೆ ಆ ಜಾಗವನ್ನು ತುಂಡುಗಳಾಗಿ ವಿಂಗಡಿಸಿ ಪ್ರೊಸೆಸರ್‌ಗೆ ಒಂದಿಷ್ಟರಂತೆ ಕೊಡಬಹುದು. ಗಡಿಯಲ್ಲಿರುವ ಅಂಕಿಗಳನ್ನಷ್ಟೇ ಅವು ಆಗಾಗ ಪರಸ್ಪರ ತಿಳಿಸಿಕೊಂಡರಾಯಿತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಇಂಥ ಕೆಲಸಕ್ಕೆ ಸರಿಯಾಗಿ ಒಪ್ಪುತ್ತದೆ. ಮುಂದಿನ ಫ್ಲೋಸಾಲ್ವರ್‌ಗಳಲ್ಲಿ ಹವಾಮಾನದ ಲೆಕ್ಕಗಳೂ ನಡೆದವು.

ಮನೆಯ ಮಟ್ಟದಲ್ಲಿ ವಿಡಿಯೊ ಪರಿವರ್ತನೆ, ಮೂರು ಆಯಾಮದ ಚಿತ್ರಗಳ ರೆಂಡರಿಂಗ್, ದೊಡ್ಡ ತಂತ್ರಾಂಶದ ಕಂಪೈಲಿಂಗ್ ಇವು ಚೆನ್ನಾಗಿ ಹಂಚಿಹೋಗುತ್ತವೆ. ಪತ್ರ ಬರೆಯುವುದು, ಸಾಮಾನ್ಯ ಪಠ್ಯದ ಲ್ಯಾಬ್ ಪ್ರೋಗ್ರಾಂಗಳು ಇಂಥವಕ್ಕೆ ಎರಡನೆಯ ಸಾಕೆಟ್‌ನಿಂದ ಪ್ರಯೋಜನವಿಲ್ಲ.

ಕೊಳ್ಳುವ ಮುನ್ನ

ಹಳೆಯ ವರ್ಕ್‌ಸ್ಟೇಷನ್‌ಗೆ ಎರಡನೆಯ ಪ್ರೊಸೆಸರ್ ಹಾಕಲು ಹೊರಟವರು ಈ ಕೆಳಗಿನವನ್ನು ಗಮನಿಸಿ.

ಮೊದಲನೆಯದಾಗಿ, ಜೋಡಿಗೆ ಬರುವ ಪ್ರೊಸೆಸರ್ ಮೊದಲನೆಯದರ ಮಾದರಿಯದೇ ಆಗಿರಬೇಕು. ಅದು ಜೋಡಿಯಾಗಿ ಕೆಲಸ ಮಾಡುವ ಜಾತಿಯದೂ ಆಗಿರಬೇಕು. ಇಂಟೆಲ್‌ನ ಝಿಯಾನ್ ಇ5 ಸಾಲಿನಲ್ಲಿ 2600 ಸರಣಿಯವು ಜೋಡಿಯಾಗುತ್ತವೆ, 1600 ಸರಣಿಯವು ಆಗುವುದಿಲ್ಲ.

ಎರಡನೆಯದಾಗಿ, ಖರ್ಚು ಪ್ರೊಸೆಸರ್‌ಗೇ ಮುಗಿಯದು. ಅದಕ್ಕೆ ಬೇರೆ ಹೀಟ್ ಸಿಂಕ್ ಮತ್ತು ಫ್ಯಾನ್ ಬೇಕು. ಪವರ್ ಸಪ್ಲೈಗೆ ಹೊರುವ ಶಕ್ತಿ ಇರಬೇಕು. ಈ ಯಂತ್ರಗಳಲ್ಲಿ ಪ್ರತಿ ಪ್ರೊಸೆಸರ್‌ಗೂ ಅದರದೇ ಮೆಮೊರಿ ಸ್ಲಾಟ್‌ಗಳಿರುತ್ತವೆ. ಆದ್ದರಿಂದ ಎರಡನೆಯದರ ಪಾಲಿಗೂ ಮೆಮೊರಿ ಕೊಳ್ಳಬೇಕು. ಇಲ್ಲದಿದ್ದರೆ ಅದು ಪ್ರತಿಯೊಂದಕ್ಕೂ ಪಕ್ಕದ ಮನೆಗೆ ಹೋಗಿ ಕೇಳಿ ತರಬೇಕಾಗುತ್ತದೆ.

ಮೂರನೆಯದು ಬಹುಮಂದಿ ಮರೆಯುವಂಥದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಮೇಲೆ ಹೇಳಿದ ಇ5 ಪ್ರೊಸೆಸರ್‌ಗಳು ವಿಂಡೋಸ್ 11 ಒಪ್ಪುವ ಪಟ್ಟಿಯಲ್ಲಿ ಇಲ್ಲ. ಇಂಥ ಯಂತ್ರದಲ್ಲಿ ನಿಶ್ಚಿಂತೆಯಿಂದ ನಡೆಯುವುದು ಲಿನಕ್ಸ್. ಅದು ಎರಡನೆಯ ಪ್ರೊಸೆಸರನ್ನು ತಾನಾಗಿ ಗುರುತಿಸುತ್ತದೆ, ಹೆಚ್ಚಿನ ಲೈಸೆನ್ಸ್ ಹಣವನ್ನೂ ಕೇಳುವುದಿಲ್ಲ. ಆದರೆ ನಿಮ್ಮ ಕಾಲೇಜಿನಲ್ಲಿ ಬಳಸುವ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುವಂಥದೇ ಎಂದು ಮೊದಲು ಕೇಳಿ ತಿಳಿಯಿರಿ.

ಈ ಎಲ್ಲಕ್ಕಿಂತ ಮೊದಲು ಮಾಡಬೇಕಾದ, ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಈಗಿರುವ ಯಂತ್ರದಲ್ಲಿ ನಿಮಗೆ ನಿಧಾನವೆನಿಸುವ ಕೆಲಸವನ್ನು ಆರಂಭಿಸಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಎಂಬಲ್ಲಿ ಸಿಪಿಯು ನೋಡಿ. ಎಷ್ಟು ಸಾಕೆಟ್, ಎಷ್ಟು ಕೋರ್, ಎಷ್ಟು ಲಾಜಿಕಲ್ ಪ್ರೊಸೆಸರ್ ಎಂಬುದೂ ಅಲ್ಲೇ ಕಾಣುತ್ತದೆ. ಲಾಜಿಕಲ್ ಪ್ರೊಸೆಸರ್‌ಗಳು ಎಂಟಿದ್ದು, ಬಳಕೆ ಶೇಕಡಾ 12-13ರ ಹತ್ತಿರ ನಿಂತಿದ್ದರೆ ಅರ್ಥ ಇಷ್ಟು: ಒಂದರಷ್ಟು ಕೆಲಸ ಮಾತ್ರ ನಡೆಯುತ್ತಿದೆ, ಏಳರಷ್ಟು ಶಕ್ತಿ ಬಿಡುವಾಗಿದೆ. ಅಲ್ಲಿ ಇನ್ನೊಂದು ಪ್ರೊಸೆಸರ್ ತಂದರೆ ಬಿಡುವಾಗಿರುವವರ ಸಂಖ್ಯೆ ಹೆಚ್ಚಾಗುತ್ತದೆ, ಅಷ್ಟೇ.

ಆ ನಿಧಾನದ ಕೆಲಸ ವಿದ್ಯಾರ್ಥಿಯೇ ಬರೆದ ಪ್ರೋಗ್ರಾಂ ಆಗಿದ್ದರೆ ಇನ್ನೂ ಒಳ್ಳೆಯದು. ಪೈಥಾನ್‌ನ ಸಾಮಾನ್ಯ ಆವೃತ್ತಿಯಲ್ಲಿ ಲೆಕ್ಕದ ಕೆಲಸವನ್ನು ಎಷ್ಟು ಥ್ರೆಡ್‌ಗಳಾಗಿ ಒಡೆದರೂ ಒಂದು ಹೊತ್ತಿಗೆ ಒಂದೇ ಓಡುತ್ತದೆ. ಅಲ್ಲಿಯೂ ಉಗ್ರಾಣಕ್ಕೆ ಒಂದೇ ಬೀಗದ ಕೈ! ಆ ಬೀಗವಿಲ್ಲದ ಪೈಥಾನ್ 2024ರಲ್ಲಿ 3.13ರೊಂದಿಗೆ ಪ್ರಾಯೋಗಿಕವಾಗಿ ಬಂದಿತು. 2025ರ 3.14ರಲ್ಲಿ ಅದಕ್ಕೆ ಅಧಿಕೃತ ಬೆಂಬಲ ದೊರೆತಿದೆ, ಆದರೆ ಅದನ್ನು ಬೇಕೆಂದೇ ಆರಿಸಿ ಹಾಕಿಕೊಳ್ಳಬೇಕು. ಅದಿಲ್ಲದೆಯೂ ಮಲ್ಟಿಪ್ರೊಸೆಸಿಂಗ್ ಎಂಬ ಮಾಡ್ಯೂಲ್ ಬಳಸಿ ಕೆಲಸವನ್ನು ಕೋರ್‌ಗಳಿಗೆ ಹಂಚಬಹುದು. ಈ ಭಾನುವಾರ ಅದನ್ನು ಪ್ರಯತ್ನಿಸಿ. ಸಮಯವನ್ನು ಮೊದಲು ಮತ್ತು ಆಮೇಲೆ ಬರೆದಿಟ್ಟುಕೊಳ್ಳಿ. ಎಷ್ಟು ಭಾಗ ಹಂಚಿಹೋಯಿತು, ಎಷ್ಟು ಉಳಿಯಿತು ಎಂಬುದನ್ನು ಆಮ್ಡಾಲ್‌ರ ಲೆಕ್ಕದಿಂದ ನೀವೇ ಕಂಡುಕೊಳ್ಳಬಹುದು. ಇರುವ ಕೋರ್‌ಗಳೆಲ್ಲ ದುಡಿದೂ ಸಾಲದೆ ಬಂದರೆ, ಆಗ ಎರಡನೆಯ ಪ್ರೊಸೆಸರ್‌ನ ಮಾತನ್ನು ಅಪ್ಪ ಅಮ್ಮನ ಮುಂದೆ ಧೈರ್ಯವಾಗಿ ಎತ್ತಬಹುದು. ಬರೆದಿಟ್ಟ ಆ ಅಂಕಿಗಳನ್ನು ಅವರಿಗೂ ತೋರಿಸಿ.